ಜೀವಕೋಶದ ಲೆಕ್ಕ ತಪ್ಪಿದಾಗ

ನಮ್ಮ ಗಡಿನಾಡಿನಲ್ಲಿ ಒಂದೊಂದು ವಸ್ತುವಿಗೂ ಮೂರು ಹೆಸರು. ಕನ್ನಡದ ಅಡಿಕೆ ತುಳುವಿನಲ್ಲಿ ಬಜ್ಜೆಯಿ, ಮಲಯಾಳದಲ್ಲಿ ಅಡಕ್ಕ. ವೀಳ್ಯದೆಲೆ ಒಂದು ಮನೆಯಲ್ಲಿ ಬಚ್ಚಿರೆ, ಆಚೆ ಮನೆಯಲ್ಲಿ ವೆತ್ತಿಲ. ಹೊಗೆಸೊಪ್ಪು ಪುಗೆರೆಯಾಗುತ್ತದೆ, ಪುಗಯಿಲವಾಗುತ್ತದೆ. ಆದರೆ ಒಂದು ಕಾಯಿಲೆಯ ಹೆಸರನ್ನು ಮಾತ್ರ ನಾವು ಯಾವ ಭಾಷೆಯಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡ ಪುಸ್ತಕದಲ್ಲಿ ಅದು ಅರ್ಬುದ, ಮಲಯಾಳ ಪತ್ರಿಕೆಯಲ್ಲಿ ಅರ್ಬುದಂ. ಮನೆಯೊಳಗೆ ಮಾತ್ರ ದನಿ ತಗ್ಗಿಸಿ "ಆ ಕಾಯಿಲೆ" ಎನ್ನುತ್ತೇವೆ. ಇವತ್ತು ಆ ಕಾಯಿಲೆಯ ಹೆಸರು ಹೇಳಿಯೇ ಮಾತಾಡೋಣ. ಅದು ಕ್ಯಾನ್ಸರ್. ನಮ್ಮ ಮೈಯ ಜೀವಕೋಶಗಳು ಹೇಗೆ ಬೆಳೆಯುತ್ತವೆ, ಹೇಗೆ ಒಡೆದು ಎರಡಾಗುತ್ತವೆ, ಆ ಕ್ರಮ ಎಲ್ಲಿ ತಪ್ಪುತ್ತದೆ ಎಂಬುದನ್ನು ಮನುಷ್ಯರು ತಿಳಿದುಕೊಂಡ ಕಥೆ ಇದು. ಅದರಲ್ಲಿ ನಮ್ಮ ತೋಟದ ಅಡಿಕೆಗೂ ಒಂದು ಅಧ್ಯಾಯವಿದೆ.

ನಾನು ವೈದ್ಯನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕು ಸೇರಿ, ಲೆಡ್ಜರು ಬರೆದು ನಿವೃತ್ತನಾದವನು. ಈ ವಿಷಯದ ಹಿಂದೆ ಬಿದ್ದದ್ದಕ್ಕೆ ಒಂದು ಕಾರಣವಿದೆ.

ಎಂಬತ್ತರ ದಶಕದ ಒಂದು ಮಳೆಗಾಲ. ನಮ್ಮ ಶಾಖೆಗೆ ಹಿರಿಯ ಕೃಷಿಕರೊಬ್ಬರು ಬರುತ್ತಿದ್ದರು. ಅಡಿಕೆ ಮಾರಿದ ದುಡ್ಡನ್ನು ಫಿಕ್ಸೆಡ್‌ನಲ್ಲಿ ಇಡುವ ಶಿಸ್ತಿನ ಮನುಷ್ಯ. ಎರಡು ವರ್ಷದಿಂದ ಅವರದ್ದು ಒಂದೇ ದೂರು: ಗಂಜಿಗೆ ಉಪ್ಪಿನಕಾಯಿ ನೆಕ್ಕಿಕೊಂಡರೆ ಬಾಯಿ ಉರಿಯುತ್ತದೆ, ಆಕಳಿಸಲು ಬಾಯಿ ಸರಿಯಾಗಿ ತೆರೆಯುವುದಿಲ್ಲ. ಪ್ರಾಯವಾಯಿತಲ್ಲ ಎಂದು ನಾವೆಲ್ಲ ನಗೆಯಾಡಿದ್ದೆವು. ಆ ದಿನ ಅವರು ಬೈರಾಸಿನಿಂದ ಬಾಯಿ ಮುಚ್ಚಿಕೊಂಡು ಬಂದರು. ಮಾತಾಡಲಿಲ್ಲ. ಅವಧಿಗೆ ಮುಂಚೆ ಠೇವಣಿ ಮುರಿಯಬೇಕೆಂದು ಚೀಟಿಯಲ್ಲಿ ಬರೆದು ಕೊಟ್ಟರು. ನಾನು ಬಡ್ಡಿ ಕಡಿತದ ಲೆಕ್ಕ ಹಾಕಿದೆ. ಲೆಕ್ಕ ಹಾಕುವಾಗ ನನ್ನ ಎಡಗೆನ್ನೆಯೊಳಗೂ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಇತ್ತು. ಎರಡನೆಯ ಠೇವಣಿಯ ಅವಧಿ ಮುಗಿದಾಗ ಬಂದವನು ಅವರ ಮಗ, ಮರಣಪತ್ರ ಹಿಡಿದುಕೊಂಡು. ಅವರ ಬಾಯಿಯೊಳಗೆ ಆದದ್ದೇನು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಉತ್ತರ ಹುಡುಕಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು. ಬೇಕಲದಲ್ಲಿ ಕೆಳದಿ ನಾಯಕರ ಕೋಟೆ ಎದ್ದ ಹದಿನೇಳನೆಯ ಶತಮಾನವನ್ನು ನೆನೆಯಿರಿ. ಅದೇ ಶತಮಾನದಲ್ಲಿ, 1665ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬವರು ತಾವು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಚಿತ್ರ ಸಹಿತ ಪ್ರಕಟಿಸಿದರು. ಸೀಸೆಗೆ ಬಿರಡೆ ಮಾಡುವ ಮರದ ತೊಗಟೆಯನ್ನು ತೆಳ್ಳಗೆ ಸೀಳಿ ನೋಡಿದಾಗ ಜೇನುಗೂಡಿನ ಹಾಗೆ ಸಾಲು ಸಾಲು ಕೋಣೆಗಳು ಕಂಡವು. ಅವಕ್ಕೆ ಅವರು ಚಿಕ್ಕ ಕೋಣೆ ಎಂಬ ಅರ್ಥದ ‘ಸೆಲ್’ ಎಂಬ ಹೆಸರಿಟ್ಟರು. ನಾವು ಕೋಶ ಎನ್ನುತ್ತೇವೆ, ಮಲಯಾಳದಲ್ಲಿ ಕೋಶಂ. ಹುಕ್ ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು. ಒಳಗೆ ಜೀವ ಕೆಲಸ ಮಾಡುವುದನ್ನು ಕಾಣಲು ಇನ್ನೂ ಉತ್ತಮ ಮಸೂರಗಳು ಬರಬೇಕಾಯಿತು.

ನಮ್ಮಲ್ಲಿ ಅಮರ ಸುಳ್ಯದ ದಂಗೆ ನಡೆದದ್ದು 1837ರಲ್ಲಿ. ಅದರ ಮರುವರ್ಷ ಜರ್ಮನಿಯ ಶ್ಲೈಡನ್ ಎಂಬ ಸಸ್ಯವಿಜ್ಞಾನಿ ಗಿಡಮರಗಳೆಲ್ಲ ಕೋಶಗಳಿಂದಲೇ ಕಟ್ಟಲ್ಪಟ್ಟಿವೆ ಎಂದರು. 1839ರಲ್ಲಿ ಶ್ವಾನ್ ಎಂಬವರು ಪ್ರಾಣಿಗಳ ಮೈಯೂ ಹಾಗೆಯೇ ಎಂದು ತೋರಿಸಿದರು. ಹಾಗಾದರೆ ಹೊಸ ಕೋಶ ಎಲ್ಲಿಂದ ಬರುತ್ತದೆ? ಕೊಳೆತ ರಸದಿಂದ ತಾನಾಗಿ ಹುಟ್ಟುತ್ತದೆ ಎಂದು ನಂಬಿದವರಿದ್ದರು. ರಾಬರ್ಟ್ ರೆಮಾಕ್ ಅದನ್ನು ಒಪ್ಪಲಿಲ್ಲ. 1855ರಲ್ಲಿ ರುಡಾಲ್ಫ್ ವಿರ್ಕೋ ಆ ಮಾತನ್ನು ಗಟ್ಟಿ ಮಾಡಿದರು: ಕೋಶ ಹುಟ್ಟುವುದು ಮತ್ತೊಂದು ಕೋಶದಿಂದ ಮಾತ್ರ. ಗಂತಿಯಾಗಿ ಬೆಳೆಯುವ ಕೋಶವೂ ಎಲ್ಲಿಂದಲೋ ಬಂದು ಸೇರಿಕೊಂಡದ್ದಲ್ಲ, ಈ ಮೈಯದೇ ಕೋಶದ ಸಂತಾನ.

ಈ ಮಾತು ನಮ್ಮ ಹಳ್ಳಿಯಲ್ಲಿ ಇಂದಿಗೂ ಬೇಕು. ನಮ್ಮ ಮಾವಿನ ಮರಕ್ಕೆ ಹತ್ತುವ ಬಂದಳಿಕೆ ಹೊರಗಿನ ಗಿಡ. ಹಕ್ಕಿ ತಂದ ಬೀಜದಿಂದ ಒಂದು ಮರದಿಂದ ಇನ್ನೊಂದಕ್ಕೆ ಹರಡುತ್ತದೆ. ಕ್ಯಾನ್ಸರ್ ಹಾಗಲ್ಲ. ಅದು ದಾರಿತಪ್ಪಿದ ನಮ್ಮದೇ ಕೊಂಬೆ. ಜೊತೆಯಲ್ಲಿ ಉಂಡರೆ, ಮೈಮುಟ್ಟಿ ಆರೈಕೆ ಮಾಡಿದರೆ ಅದು ಅಂಟುವುದಿಲ್ಲ. ರೋಗಿಯ ಬಟ್ಟಲನ್ನು ಬೇರೆ ಇಡುವ ಮನೆಗಳನ್ನು ನಾನು ಕಂಡಿದ್ದೇನೆ. ಅದು ರೋಗಿಗೆ ಸುಮ್ಮನೆ ಕೊಡುವ ನೋವು.

ಒಂದು ಕೋಶ ಎರಡಾಗುವುದನ್ನು ಹಂತಹಂತವಾಗಿ ನೋಡಿ ಬರೆದಿಟ್ಟವರು ವಾಲ್ಟರ್ ಫ್ಲೆಮಿಂಗ್, 1882ರಲ್ಲಿ. ಕೋಶಕ್ಕೆ ಬಣ್ಣ ಹಾಕಿ ನೋಡಿದಾಗ ನಡುವಿನ ಬೀಜದಲ್ಲಿ ನೂಲಿನಂಥ ಎಳೆಗಳು ಕಂಡವು. ಅವು ದಪ್ಪವಾಗಿ, ಸಾಲಾಗಿ ನಿಂತು, ಉದ್ದಕ್ಕೆ ಸೀಳಿ, ಅರ್ಧ ಅತ್ತ ಅರ್ಧ ಇತ್ತ ಸರಿದು, ನಡುವೆ ಸೊಂಟ ಕಿರಿದಾಗಿ ಕೋಶ ಎರಡಾಯಿತು. ಅಣ್ಣ ತಮ್ಮಂದಿರು ಹಿಸೆ ಮಾಡಿಕೊಂಡ ಹಾಗೆ, ಇಬ್ಬರಿಗೂ ಸಮಪಾಲು. ಆ ಎಳೆಗಳೊಳಗೆ ಇರುವುದೇ ಡಿ.ಎನ್.ಎ. ಅದರ ರಚನೆ 1953ರಲ್ಲಿ ತಿಳಿಯಿತು. ರೋಸಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಅಧ್ಯಯನದ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ ಅದು ಎರಡು ಎಳೆಯ ಹುರಿ ಎಂದು ತೋರಿಸಿದರು. ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದ ಬರಹ ಅದು. ಮನುಷ್ಯನ ಒಂದು ಕೋಶದಲ್ಲಿ ತಾಯಿಯಿಂದ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಅಷ್ಟೇ. ಬಿಡಿಸಿ ಚಾಚಿದರೆ ಸುಮಾರು ಎರಡು ಮೀಟರ್ ಉದ್ದ.

ತಾಯಿಯ ಗರ್ಭದಲ್ಲಿ ನಾವೆಲ್ಲ ಒಂದೇ ಒಂದು ಕೋಶವಾಗಿ ಸುರುವಾದವರು. ಒಂದು ಎರಡಾಗಿ, ಎರಡು ನಾಲ್ಕಾಗಿ, ದೊಡ್ಡವರಾದ ಮೇಲೆ ಸುಮಾರು 30 ಲಕ್ಷ ಕೋಟಿ ಕೋಶಗಳಾಗುತ್ತೇವೆ. ಅವೆಲ್ಲ ಒಂದೇ ವೇಗದಲ್ಲಿ ಒಡೆಯುವುದಿಲ್ಲ. ಮಿದುಳಿನ ನರಕೋಶ ಬಹುಪಾಲು ಮತ್ತೆ ಒಡೆಯುವುದೇ ಇಲ್ಲ. ಯಕೃತ್ತಿನ ಕೋಶ ಗಾಯವಾದಾಗ ಒಡೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಚರ್ಮ, ಕರುಳು, ಎಲುಬಿನ ಮಜ್ಜೆ ಮತ್ತು ಬಾಯಿಯ ಒಳಪದರಗಳಿಗೆ ಬಿಡುವೇ ಇಲ್ಲ. ಕೆನ್ನೆಯೊಳಗಿನ ತೆಳು ಪದರ ಎರಡು ಮೂರು ವಾರಗಳಲ್ಲಿ ಪೂರ್ತಿ ಹೊಸದಾಗುತ್ತದೆ. ಊಟದ ನಡುವೆ ಕೆನ್ನೆ ಕಚ್ಚಿಕೊಂಡ ಗಾಯ ಒಂದು ವಾರದಲ್ಲಿ ಮಾಯುವುದು ಇದರಿಂದಲೇ. ಈ ಎರಡು ಮೂರು ವಾರದ ಲೆಕ್ಕವನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಕೋಶ ಒಡೆಯುವ ಮೊದಲು ಮಾಡುವ ಕೆಲಸವನ್ನು ನಾನು ಅರ್ಥಮಾಡಿಕೊಂಡದ್ದು ನಮ್ಮ ಹಳೆಯ ಲೆಡ್ಜರಿನಿಂದ. ಕಂಪ್ಯೂಟರ್ ಬರುವ ಮೊದಲು, ಒಂದು ಪುಸ್ತಕ ತುಂಬಿದಾಗ ಪ್ರತಿಯೊಂದು ಖಾತೆಯ ಬಾಕಿಯನ್ನೂ ಹೊಸ ಪುಸ್ತಕಕ್ಕೆ ಕೈಯಲ್ಲಿ ನಕಲು ಮಾಡಬೇಕಿತ್ತು. ಒಬ್ಬ ಬರೆಯುತ್ತಿದ್ದ, ಇನ್ನೊಬ್ಬ ತಾಳೆ ನೋಡುತ್ತಿದ್ದ, ಆಫೀಸರು ಕಿರುಸಹಿ ಹಾಕುತ್ತಿದ್ದರು. ಜನರಲ್ ಲೆಡ್ಜರಿಗೆ ಒಂದು ರೂಪಾಯಿ ಹೊಂದದಿದ್ದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ತಪ್ಪನ್ನು ಹಿಡಿಯದೆ ಮುಂದಿನ ಪುಸ್ತಕಕ್ಕೆ ಒಯ್ದರೆ ಅದು ಅಲ್ಲಿಂದ ಮುಂದಕ್ಕೂ ಸರಿ ಎಂಬಂತೆಯೇ ಹೋಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ಕೋಶವೂ ಹೀಗೆಯೇ. ಸುತ್ತಲಿನ ಕೋಶಗಳಿಂದ ‘ಬೇಕು’ ಎಂಬ ರಾಸಾಯನಿಕ ಸೂಚನೆ ಬಂದಾಗ ಅದು ಮೊದಲು ತನ್ನ ಸರಕನ್ನು ಹೆಚ್ಚಿಸಿಕೊಂಡು ದೊಡ್ಡದಾಗುತ್ತದೆ. ಆಮೇಲೆ ಡಿ.ಎನ್.ಎ.ಯ ಪೂರ್ತಿ ನಕಲು ತೆಗೆಯುತ್ತದೆ. ಈ ನಕಲಿಗೇ ಸುಮಾರು ಎಂಟು ಗಂಟೆ ಬೇಕು. ನಕಲಾದ ಮೇಲೆ ತಾಳೆ ನೋಡುತ್ತದೆ, ತಪ್ಪಿದ್ದರೆ ತಿದ್ದುತ್ತದೆ. ತಿದ್ದುಪಡಿಯ ನಂತರ ಉಳಿಯುವ ತಪ್ಪು ಸುಮಾರು 100 ಕೋಟಿ ಅಕ್ಷರಕ್ಕೆ ಒಂದು. ಅಂಥ ಗುಮಾಸ್ತ ಯಾವ ಬ್ಯಾಂಕಿನಲ್ಲೂ ಇಲ್ಲ. ಎಲ್ಲವೂ ಸರಿಯಾದರೆ ಮಾತ್ರ ಕೋಶ ಎರಡಾಗುತ್ತದೆ. ಗಾಯ ಮುಚ್ಚಿದ ಮೇಲೆ ನೆರೆಯ ಕೋಶಗಳು ಒತ್ತಿಕೊಂಡು ನಿಂತಾಗ ಒಡೆಯುವುದನ್ನು ನಿಲ್ಲಿಸುತ್ತದೆ. ಈ ಹಂತಗಳ ಕಾವಲನ್ನು ಕಂಡುಹಿಡಿದುದಕ್ಕೆ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಎಂಬ ಮೂವರಿಗೆ 2001ರಲ್ಲಿ ನೊಬೆಲ್ ಬಹುಮಾನ ಬಂತು. ತಿದ್ದಲಾಗದಷ್ಟು ತಪ್ಪಾದರೆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಇಂಥ ಕ್ರಮಬದ್ಧ ಸಾವನ್ನು 1972ರಲ್ಲಿ ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟರು. 1979ರಲ್ಲಿ ‘ಪಿ-53’ ಎಂಬ ಪ್ರೋಟೀನು ಸಿಕ್ಕಿತು. ತಪ್ಪು ಕಂಡರೆ ಕೆಲಸ ನಿಲ್ಲಿಸುವ, ಇಲ್ಲವೇ ಕೋಶಕ್ಕೆ ಸಾವಿನ ಅಪ್ಪಣೆ ಕೊಡುವ ಮೇಲಧಿಕಾರಿ ಅದೇ ಎಂದು ಮುಂದೆ ತಿಳಿಯಿತು.

ಹಾಗಾದರೆ ಕ್ಯಾನ್ಸರ್ ಏನು? 1914ರಲ್ಲಿಯೇ ಥಿಯೊಡೋರ್ ಬೊವೇರಿ ಎಂಬ ಜರ್ಮನ್ ವಿಜ್ಞಾನಿ, ಕೋಶದ ಬೀಜದ ಎಳೆಗಳಲ್ಲಿ ಏರುಪೇರಾದುದೇ ಈ ರೋಗದ ಬೇರು ಎಂದು ಊಹಿಸಿದ್ದರು. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ಅವರ ತಂಡ ಅಚ್ಚರಿಯ ಸಂಗತಿಯೊಂದನ್ನು ತೋರಿಸಿತು. ಕೋಳಿಗಳಲ್ಲಿ ಕ್ಯಾನ್ಸರ್ ಹುಟ್ಟಿಸುವ ವೈರಸ್ಸಿನ ಜೀನು, ಆರೋಗ್ಯವಂತ ಕೋಳಿಯ ಕೋಶದಲ್ಲೂ ಇತ್ತು. ಅಂದರೆ ಕೋಶವನ್ನು ಬೆಳೆಸುವ ನಮ್ಮ ಸ್ವಂತ ಜೀನುಗಳೇ ಕೆಟ್ಟರೆ ಕ್ಯಾನ್ಸರಿನ ಜೀನುಗಳಾಗುತ್ತವೆ. 1989ರಲ್ಲಿ ಅವರಿಗೆ ನೊಬೆಲ್ ಬಂತು. ಇಳಿಜಾರಿನಲ್ಲಿ ಬರುವ ಲಾರಿಯನ್ನು ನೆನೆಯಿರಿ. ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡರೂ ಬ್ರೇಕು ಇದ್ದರೆ ನಿಲ್ಲಿಸಬಹುದು. ಬ್ರೇಕೂ ಹೋದರೆ? ಕೋಶದಲ್ಲಿ ಬೆಳೆಸುವ ಜೀನು ಬಿಗಿದುಕೊಂಡು, ತಡೆಯುವ ಜೀನು ಕೆಟ್ಟು, ಪಿ-53ರಂಥ ಮೇಲಧಿಕಾರಿಯೂ ಇಲ್ಲವಾದಾಗ ಕೋಶ ಯಾರ ಮಾತೂ ಕೇಳದೆ ಒಡೆಯುತ್ತ ಹೋಗುತ್ತದೆ. ಒಂದು ತಪ್ಪು ಸಾಲದು, ಹಲವು ತಪ್ಪುಗಳು ಒಂದೇ ವಂಶದ ಕೋಶದಲ್ಲಿ ಕೂಡಬೇಕು. ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ಹಾಗಾಗಿ ಈ ರೋಗ ಹೆಚ್ಚಾಗಿ ಕಾಣಿಸುವುದು ಪ್ರಾಯ ಸಂದ ಮೇಲೆ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಬೇಲಿಯೊಳಗೇ ಬೆಳೆದು ನಿಲ್ಲುವ ಗಂಟುಗಳಿವೆ. ಬೇಲಿ ಮುರಿದು ಪಕ್ಕದ ಮಾಂಸಕ್ಕೆ ಇಳಿದು, ಹಾಲ್ರಸದ ನಾಳ ಹಿಡಿದು ಕುತ್ತಿಗೆಯ ಗಂಟುಗಳಿಗೂ ದೂರದ ಅಂಗಗಳಿಗೂ ಹೋಗುವುದೇ ಕ್ಯಾನ್ಸರ್.

ಈ ತಪ್ಪುಗಳು ಕೆಲವೊಮ್ಮೆ ಯಾರ ದೋಷವೂ ಇಲ್ಲದೆ ಆಗುತ್ತವೆ. ಯಾವ ಚಟವೂ ಇಲ್ಲದವರಿಗೂ ರೋಗ ಬರುವುದುಂಟು, ಆದುದರಿಂದ ರೋಗಿಯನ್ನು ದೂರುವುದು ಸಲ್ಲ. ಆದರೆ ಹೊರಗಿನ ಕೆಲವು ವಸ್ತುಗಳು ತಪ್ಪನ್ನು ಹೆಚ್ಚಿಸುತ್ತವೆ ಎಂಬುದು ಹಳೆಯ ತಿಳಿವಳಿಕೆ. 1775ರಲ್ಲಿ ಲಂಡನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಕ್ಕಂದಿನಿಂದ ಹೊಗೆಗೂಡು ಗುಡಿಸಿದವರಿಗೆ ತೊಡೆಸಂದಿನ ಚರ್ಮದಲ್ಲಿ ಕ್ಯಾನ್ಸರ್ ಬರುವುದನ್ನು ಕಂಡು, ಇಲ್ಲಣವೇ ಅದಕ್ಕೆ ಕಾರಣ ಎಂದು ಬರೆದರು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಸವರಿ ಕ್ಯಾನ್ಸರ್ ಬರಿಸಿ ತೋರಿಸಿದರು. ಒಂದೇ ಜಾಗಕ್ಕೆ, ಮತ್ತೆ ಮತ್ತೆ, ಬಹುಕಾಲ ಎಂಬುದು ಅದರ ಪಾಠ. ಈ ಪಾಠ ಹೇಳುವಾಗ ನನ್ನ ಕೈ ತಾನಾಗಿ ಎಡಗೆನ್ನೆಗೆ ಹೋಗುತ್ತದೆ.

ಕಾಸರಗೋಡಿನಲ್ಲಿ ರೋಗದ ಮಾತೆತ್ತಿದರೆ ಎಂಡೋಸಲ್ಫಾನಿನ ನೆನಪು ಬಾರದೆ ಇರದು. ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು ಸುಪ್ರೀಂ ಕೋರ್ಟು 2011ರಲ್ಲಿ ದೇಶದಲ್ಲೆಲ್ಲ ತಡೆಯಿತು. ಅದು ಬೇರೆಯೇ ಒಂದು ಇತಿಹಾಸ, ಅದರ ನ್ಯಾಯವೂ ಬೇರೆ. ಆ ವಿಷ ನಮ್ಮನ್ನು ಕೇಳದೆ ಆಕಾಶದಿಂದ ಬಿತ್ತು. ನಾನಿಂದು ಹೇಳುತ್ತಿರುವುದು ನಾವೇ ಕೈಯಾರೆ ಮಡಚಿ ಬಾಯಿಗಿಟ್ಟುಕೊಳ್ಳುವ ವಸ್ತುವಿನ ವಿಷಯ.

ನಮ್ಮ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲ. 1902ರಲ್ಲಿ ಮದರಾಸಿನಲ್ಲಿದ್ದ ನಿಬ್ಲಾಕ್ ಎಂಬ ಶಸ್ತ್ರವೈದ್ಯರು ಭಾರತದ ಕ್ಯಾನ್ಸರ್ ಕುರಿತು ವೈದ್ಯ ಪತ್ರಿಕೆಯೊಂದಕ್ಕೆ ಬರೆದರು. ಕೆನ್ನೆಯ ಕ್ಯಾನ್ಸರಿಗೂ ಎಲೆಯಡಿಕೆಗೂ ನಂಟು ಇದೆ ಎಂಬ ಸಂಶಯ ಆಗಲೇ ಇತ್ತು. ತಿರುವಾಂಕೂರಿನ ದಕ್ಷಿಣ ತುದಿಯ ನೆಯ್ಯೂರಿನಲ್ಲಿ ಮಿಷನ್ ಆಸ್ಪತ್ರೆಯೊಂದಿತ್ತು. ಆ ಊರು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದೆ. ಅಲ್ಲಿಗೆ ಬಾಯಿಯ ಕ್ಯಾನ್ಸರ್ ರೋಗಿಗಳು ಬಹಳ ಮಂದಿ ಬರುತ್ತಿದ್ದರು. ಅಲ್ಲಿನ ಅನುಭವದಿಂದ ಡಾ. ಆರ್ ಎಂಬವರು 1933ರಲ್ಲಿ ಲಂಡನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಿರುವಾಂಕೂರಿನ ಎಲೆಯಡಿಕೆ ತಿನ್ನುವವರ ಬಾಯಿಯ ಕ್ಯಾನ್ಸರ್ ಬಗ್ಗೆ ಪ್ರಬಂಧ ಪ್ರಕಟಿಸಿದರು. 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಅಲ್ಲಿನ ಡಾ. ಖಾನೋಲ್ಕರ್, ಸಂಘ್ವಿ ಮತ್ತು ರಾವ್ 1955ರಲ್ಲಿ, ಹೊಗೆಸೊಪ್ಪು ಸೇದುವವರ ಮತ್ತು ಜಗಿಯುವವರ ಬಾಯಿ ಗಂಟಲುಗಳ ಕ್ಯಾನ್ಸರನ್ನು ಲೆಕ್ಕಹಾಕಿ ತೋರಿಸಿದರು.

1966ರಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತವೈದ್ಯರ ತಂಡ ಎರ್ನಾಕುಳಂ ಜಿಲ್ಲೆಯೂ ಸೇರಿದಂತೆ ದೇಶದ ಹಲವೆಡೆ ಮನೆಮನೆಗೆ ಹೋಗಿ ಜನರ ಬಾಯಿ ನೋಡಿತು. ಡಾ. ಫಾಲಿ ಮೆಹ್ತಾ, ಡೆನ್ಮಾರ್ಕಿನ ಪಿಂಡ್‌ಬೋರ್ಗ್, ಪ್ರಕಾಶ್ ಗುಪ್ತಾ ಮೊದಲಾದವರು ವರ್ಷ ವರ್ಷ ಅದೇ ಮನೆಗಳಿಗೆ ಮರಳಿ ಹೋದರು. ಅವರು ಕಂಡ ದೊಡ್ಡ ಸತ್ಯವೆಂದರೆ, ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಅದಕ್ಕೆ ಮೊದಲು ಬಿಳಿಮಚ್ಚೆಯೋ ಕೆಂಪುಮಚ್ಚೆಯೋ ಬಾಯಿ ಬಿಗಿಯುವುದೋ ಇರುತ್ತದೆ. ಚಟ ಬಿಡಲು ತಿಳಿಹೇಳಿದ ಊರುಗಳಲ್ಲಿ ಇಂಥ ಮಚ್ಚೆಗಳು ಕಡಿಮೆಯಾದುವೆಂದು 1986ರಲ್ಲಿ ಅವರು ಪ್ರಕಟಿಸಿದರು.

ಆ ಬಾಯಿ ಬಿಗಿಯುವ ಕಾಯಿಲೆ ಬೇರೆಯದೇ ಒಂದು ಕಥೆ. 1952ರಲ್ಲಿ ಶ್ವಾರ್ಟ್ಜ್ ಎಂಬವರು ಆಫ್ರಿಕದ ನೈರೋಬಿಯಲ್ಲಿದ್ದ ಭಾರತೀಯ ಹೆಂಗಸರಲ್ಲಿ ಅದನ್ನು ವರ್ಣಿಸಿದರು. 1953ರಲ್ಲಿ ಮುಂಬಯಿಯ ಡಾ. ಜೋಶಿ ನಮ್ಮ ದೇಶದಲ್ಲೇ ಅದನ್ನು ಗುರುತಿಸಿದರು. ಕೆನ್ನೆಯ ಮೃದುವಾದ ಒಳಪದರದಡಿ ನಾರು ತುಂಬಿ ಅದು ಚರ್ಮದ ಪಟ್ಟಿಯಂತೆ ಗಟ್ಟಿಯಾಗುತ್ತದೆ. ಖಾರ ತಾಗಿದರೆ ಉರಿ, ಬಾಯಿ ತೆರೆಯಲು ಕಷ್ಟ. ಇದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪಲ್ಲ, ಅಡಿಕೆ. ಇದನ್ನು ಓದಿದ ದಿನ ಕೌಂಟರಿನ ಮುಂದೆ ನಿಂತು ಉಪ್ಪಿನಕಾಯಿಯ ಮಾತು ಹೇಳಿದ ಆ ಹಿರಿಯರು ಕಣ್ಣಮುಂದೆ ಬಂದರು. ಎರಡು ವರ್ಷ ಕಾಲ ಅವರ ಬಾಯಿ ಹೇಳುತ್ತಿದ್ದುದನ್ನು ನಾವು ಯಾರೂ ಕೇಳಿಸಿಕೊಂಡಿರಲಿಲ್ಲ.

ಇನ್ನು ಕಷ್ಟದ ಮಾತು. ತಪ್ಪು ಹೊಗೆಸೊಪ್ಪಿನದು, ಅಡಿಕೆ ನಿರಪರಾಧಿ ಎಂದು ನಾವು ಬಹಳ ಕಾಲ ಸಮಾಧಾನ ಪಟ್ಟುಕೊಂಡಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಕೂಡ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ಆದರೆ ತೈವಾನಿನಲ್ಲಿ ಜನ ಹೊಗೆಸೊಪ್ಪಿಲ್ಲದೆಯೇ ಅಡಿಕೆ ತಿನ್ನುತ್ತಾರೆ, ಅಲ್ಲಿಯೂ ಬಾಯಿಯ ಕ್ಯಾನ್ಸರ್ ಹೆಚ್ಚು. ಇಂಥ ಅಧ್ಯಯನಗಳನ್ನೆಲ್ಲ ನೋಡಿ 2004ರಲ್ಲಿ ಪ್ರಕಟವಾದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಬರಿಯ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿದರು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವ ಬಾಯಲ್ಲಿ ನೈಟ್ರೊಸಮೀನ್ ಎಂಬ ಹಾನಿಕರ ವಸ್ತುಗಳಾಗಿ ಮಾರ್ಪಡುತ್ತದೆ. ಸುಣ್ಣದ ಕ್ಷಾರದಲ್ಲಿ ಅಡಿಕೆಯ ರಸದಿಂದ ಡಿ.ಎನ್.ಎ.ಯನ್ನು ಕೊರೆಯುವ ಆಮ್ಲಜನಕದ ಉಗ್ರ ಕಣಗಳು ಏಳುತ್ತವೆ. ಹೊಗೆಸೊಪ್ಪು ಸೇರಿದರೆ ಅದರದ್ದೇ ನೈಟ್ರೊಸಮೀನ್‌ಗಳು ಬೇರೆ. ಗಾಯಗೊಂಡ ಪದರ ಬೇಗ ಬೇಗ ಒಡೆದು ಮುಚ್ಚಿಕೊಳ್ಳಲು ನೋಡುತ್ತದೆ. ಹೆಚ್ಚು ಒಡೆದಷ್ಟೂ ಹೆಚ್ಚು ನಕಲು, ಹೆಚ್ಚು ನಕಲಾದಷ್ಟೂ ಹೆಚ್ಚು ತಪ್ಪು. 2022ನೆಯ ವರ್ಷದ ಅಂದಾಜಿನಂತೆ, ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆಯಿಂದ ಜಗತ್ತಿನಲ್ಲಿ ಸುಮಾರು 1 ಲಕ್ಷ 20 ಸಾವಿರ ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿದೆ. ಅದರಲ್ಲಿ ಸುಮಾರು 83 ಸಾವಿರ ನಮ್ಮ ದೇಶದ್ದು.

ಈ ಮಾತು ನಮ್ಮ ಹೊಟ್ಟೆಗೆ ತಾಗುತ್ತದೆ. ಅಡಿಕೆಯೇ ನಮ್ಮ ಶಾಲೆಯ ಫೀಸು, ಮಗಳ ಮದುವೆ, ಮನೆಯ ಮಾಡು. 1973ರಲ್ಲಿ ಬೆಲೆ ಕುಸಿತದ ಕಷ್ಟಕ್ಕೆ ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಕಟ್ಟಿದ್ದು ಗಡಿಯನ್ನು ಮೀರಿದ ಒಗ್ಗಟ್ಟಿನ ಕಥೆ. ಕಾಸರಗೋಡಿನ ಕೂಡ್ಲಿನಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಇದೆ, ವಿಟ್ಲದಲ್ಲಿ ಅದರ ಅಡಿಕೆ ಕೇಂದ್ರವಿದೆ. ಹೊಸದುರ್ಗದ ಕರಾವಳಿಯಲ್ಲಿ, ಪಳ್ಳಿಕ್ಕರೆಯ ಸುತ್ತ, ಹೊಗೆಸೊಪ್ಪಿನ ಬೇಸಾಯವೂ ನಡೆದು ಬಂದಿದೆ. ಬೆಳೆಗಾರರ ಸಂಘಟನೆಗಳು 2004ರ ತೀರ್ಮಾನವನ್ನು ಒಪ್ಪಿಲ್ಲ. ಅಡಿಕೆಯ ಔಷಧ ಗುಣವನ್ನು ಹಿರಿಯರು ಹೇಳಿದ್ದಾರೆ ಎಂಬುದು ಅವರ ವಾದ. ನಾನೂ ಅಡಿಕೆಯ ದುಡ್ಡಿನಲ್ಲಿ ಓದಿದವನು. ಮನೆಯ ಹಿಂದೆ ಇಂದಿಗೂ ಇನ್ನೂರು ಮರ ಇವೆ. ಆದರೆ ಲೆಕ್ಕ ಬರೆದವನಿಗೆ ಒಂದು ಅಭ್ಯಾಸ: ಬಾಕಿ ನಮಗೆ ಹಿಡಿಸಲಿಲ್ಲ ಎಂದು ಅಂಕಿ ಬದಲಿಸಲಾಗದು. ಇಷ್ಟು ತಿಂದರೆ ತೊಂದರೆಯಿಲ್ಲ ಎಂಬ ಗೆರೆಯನ್ನು ಯಾವ ವೈದ್ಯರೂ ಎಳೆದು ಕೊಟ್ಟಿಲ್ಲ. ದೇವರ ಮುಂದಿನ ಹರಿವಾಣದಲ್ಲಿ, ಮದುವೆಯ ತಾಂಬೂಲದಲ್ಲಿ ಅಡಿಕೆಯ ಮಾನ ಇರಲಿ. ಕೆನ್ನೆಯ ಮೂಲೆಯಲ್ಲಿ ಅದು ಮನೆ ಮಾಡುವುದು ಬೇಡ. ಬಣ್ಣದ ಪೊಟ್ಟಣದ ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಮನೆಯ ಎಲೆತಟ್ಟೆಯನ್ನು ನಿಷೇಧಿಸುವ ಕಾನೂನು ಇಲ್ಲ, ಅದು ನಾವೇ ಮಾಡಬೇಕಾದ ತೀರ್ಮಾನ. ನಾನು ಬಿಟ್ಟೆ. ಮೂರು ಸಲ ಬಿಟ್ಟು, ಎರಡು ಸಲ ಸೋತು, ಮೂರನೆಯ ಸಲ ಗೆದ್ದೆ. ಬಿಟ್ಟವರಿಗೆ ಅಪಾಯ ಕಡಿಮೆಯಾಗುತ್ತದೆ ಎಂಬುದಕ್ಕೆ ಈಗ ಸಾಕಷ್ಟು ಆಧಾರವಿದೆ.

ಕೊನೆಗೆ ಧೈರ್ಯದ ಮಾತು. ತಿರುವನಂತಪುರದಲ್ಲಿ 1981ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಸ್ಥಾಪನೆಯಾಯಿತು. ಆ ಕೇಂದ್ರದವರು 1996ರಲ್ಲಿ ಆ ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗಕ್ಕೆ ಕೈಹಾಕಿದರು. 13 ಪಂಚಾಯತುಗಳ, 35 ವರ್ಷ ದಾಟಿದ ಸುಮಾರು 1 ಲಕ್ಷ 90 ಸಾವಿರ ಜನ. ಅವರಲ್ಲಿ ಸುಮಾರು ಅರ್ಧದಷ್ಟು ಜನರ ಬಾಯಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ ಬರಿಗಣ್ಣಿನಿಂದ ನೋಡಿದರು. ದೊಡ್ಡ ಯಂತ್ರ ಇಲ್ಲ, ಟಾರ್ಚಿನ ಬೆಳಕು ಮತ್ತು ಕಣ್ಣು. 2005ರಲ್ಲಿ ಫಲಿತಾಂಶ ಬಂತು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ಹೀಗೆ ನೋಡಿಸಿಕೊಂಡ ಪಂಚಾಯತುಗಳಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಜಗತ್ತೆಲ್ಲ ಗಮನಿಸಿದ ಈ ಪ್ರಯೋಗ ನಡೆದದ್ದು ನಮ್ಮದೇ ರಾಜ್ಯದ ಹಳ್ಳಿಗಳಲ್ಲಿ.

ಹಾಗಾಗಿ ತಿಂಗಳಿಗೊಮ್ಮೆ ಕೈಗನ್ನಡಿ ಹಿಡಿದು ಬಿಸಿಲಿಗೆ ನಿಲ್ಲಿ. ಕೆನ್ನೆಯ ಒಳಭಾಗ, ವಸಡು, ನಾಲಗೆಯ ಅಂಚು ಮತ್ತು ಅಡಿಭಾಗ ನೋಡಿ. ಒರೆಸಿದರೂ ಹೋಗದ ಬಿಳಿಮಚ್ಚೆ, ಅದಕ್ಕಿಂತಲೂ ಅಪಾಯದ ಕೆಂಪುಮಚ್ಚೆ, ಖಾರಕ್ಕೆ ಉರಿ, ಮೂರು ಬೆರಳು ನಿಲ್ಲಿಸಿ ಇಡಲಾಗದಷ್ಟು ಬಿಗಿದ ಬಾಯಿ, ಕುತ್ತಿಗೆಯಲ್ಲಿ ಕರಗದ ಗಂಟು ಇವುಗಳನ್ನು ಗಮನಿಸಿ. ಹುಣ್ಣಾಗಿದ್ದರೆ ದಿನ ಎಣಿಸಿ. ಬಾಯಿಯ ಪದರ ಎರಡು ಮೂರು ವಾರದಲ್ಲಿ ಹೊಸದಾಗುತ್ತದೆ ಎಂದೆನಲ್ಲ? ಮೂರು ವಾರಕ್ಕೂ ಮಾಯದ ಹುಣ್ಣು ಎಂದರೆ ಅಲ್ಲಿ ಲೆಕ್ಕ ಹೊಂದುತ್ತಿಲ್ಲ ಎಂದರ್ಥ. ನೋವಿಲ್ಲ ಎಂದು ಸುಮ್ಮನಿರಬೇಡಿ, ಆರಂಭದಲ್ಲಿ ನೋವು ಇರುವುದೇ ಅಪರೂಪ. ದಂತವೈದ್ಯರಿಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ತೋರಿಸಿ. ಬೇಕೆಂದರೆ ಅವರು ಒಂದು ಚಿಕ್ಕ ಚೂರು ತೆಗೆದು ಪರೀಕ್ಷಿಸುತ್ತಾರೆ. ಚಾಕು ತಾಗಿದರೆ ರೋಗ ಹರಡುತ್ತದೆ ಎಂಬುದು ಸುಳ್ಳು ಹೆದರಿಕೆ.

ನಮ್ಮವರು ಚಿಕಿತ್ಸೆಗೆ ಉತ್ತರಕ್ಕೆ ಮಂಗಳೂರು, ಮಣಿಪಾಲಕ್ಕೂ ದಕ್ಷಿಣಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೂ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಸ್ಪತ್ರೆ ಎಷ್ಟು ದೂರ ಎಂಬುದು ನಮಗೆಲ್ಲ ಗೊತ್ತಾಯಿತು. ದೂರವನ್ನು ನಾವು ಕಡಿಮೆ ಮಾಡಲಾರೆವು. ಹೊರಡುವ ದಿನವನ್ನು ಬೇಗ ಮಾಡಬಹುದು. ಮಚ್ಚೆಯಾಗಿರುವಾಗ ಹೊರಟವನು ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಬರುತ್ತಾನೆ. ಗಂತಿಯಾದ ಮೇಲೆ ಹೊರಟವನು ಠೇವಣಿ ಮುರಿದು ಹೊರಡುತ್ತಾನೆ.

ಎಲೆತಟ್ಟೆಯ ಪಕ್ಕದಲ್ಲಿ ಇಂದೇ ಒಂದು ಕೈಗನ್ನಡಿ ಇಡಿ. ಮನೆಯ ಹಿರಿಯರು ಬಾಯಿ ಉರಿಯುತ್ತದೆ ಎಂದರೆ ನಗೆಯಾಡಬೇಡಿ, ಬಾಯಿ ತೆರೆಯಿರಿ ನೋಡುವ ಎನ್ನಿ. ಆ ಮಳೆಗಾಲದ ದಿನ ನಾನು ಹೇಳಬೇಕಾಗಿದ್ದ ಮಾತು ಅದು.